ಫೋಟೋ ಹ್ಯಾಂಗದ ನೋಡ್ರಿ ಸರ

ಅಫಜಲಪುರದಿಂದ ಜೇವರ್ಗಿ ಕಡೆಗೆ ಹೊರಟವರ ಕಣ್ಣಿಗೆ ದಾರಿಯುದ್ದಕ್ಕೂ ಬೀಳುವುದು ಒಂದು ಅಡ್ಡಗೆರೆ. ಅದರ ಮೇಲೆ ಬಾನು, ಕೆಳಗೆ ಎರೆಭೂಮಿ, ನಡುವೆ ಅಲ್ಲೊಂದು ಬೇವು, ಇಲ್ಲೊಂದು ಜಾಲಿ. ಮಲೆನಾಡಿನಲ್ಲಿ ಕ್ಯಾಮೆರಾ ಹಿಡಿದವನಿಗೆ ನಿಸರ್ಗವೇ ಅರ್ಧ ಚೌಕಟ್ಟು ಹಾಕಿಕೊಡುತ್ತದೆ. ಎಡಕ್ಕೆ ಒಂದು ಮರ ಬಾಗಿರುತ್ತದೆ, ಬಲಕ್ಕೆ ಇಳಿಜಾರು ಇರುತ್ತದೆ, ಹಿಂದೆ ಮಂಜು ಬಂದು ಬೇಡದ್ದನ್ನೆಲ್ಲ ಮುಚ್ಚುತ್ತದೆ. ನಮ್ಮ ಕಡೆ ಏನೂ ಮುಚ್ಚುವುದಿಲ್ಲ. ದೂರದ ಮೊಬೈಲ್ ಟವರು, ಹತ್ತಿರದ ಕರೆಂಟಿನ ಕಂಬ, ನಡುವಿನ ಪ್ಲಾಸ್ಟಿಕ್ ಚೀಲ ಎಲ್ಲವೂ ಒಂದೇ ಸಮ ಕಾಣುತ್ತವೆ. ಇಂಥ ನೆಲದಲ್ಲಿ ನಿಂತು ಒಂದು ಒಳ್ಳೆಯ ಫೋಟೋ ತೆಗೆಯುವುದು ಕಷ್ಟದ ಕೆಲಸ. ಆಳಂದ, ಅಫಜಲಪುರ, ಜೇವರ್ಗಿಯ ಹುಡುಗ ಹುಡುಗಿಯರು ತೆಗೆದ ಫೋಟೋ ನೋಡಿ ಅಭಿಪ್ರಾಯ ಹೇಳುವವರು ಮೊದಲು ಈ ಕಷ್ಟವನ್ನು ಅರಿತಿರಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ.

ನಾನು ಚಿತ್ರಕಲೆ ಕಲಿಸುವ ಮಾಸ್ತರ. ಮೊದಲೆಲ್ಲ ಮಕ್ಕಳು ಡ್ರಾಯಿಂಗ್ ಹಾಳೆ ಹಿಡಿದು ಬರುತ್ತಿದ್ದರು. ಈಗ ಮೊಬೈಲ್ ಹಿಡಿದು ಬರುತ್ತಾರೆ. ಶಾಲೆ ಬಿಟ್ಟು ಕಾಲೇಜು ಸೇರಿದವರು, ಕಾಲೇಜು ಬಿಟ್ಟು ಒಕ್ಕಲುತನಕ್ಕೆ ನಿಂತವರು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುವವರು, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಲ್ಲೇ ಫೋನು ಮುಂದೆ ಚಾಚುತ್ತಾರೆ. ‘ಹ್ಯಾಂಗದ ನೋಡ್ರಿ ಸರ’ ಎನ್ನುತ್ತಾರೆ. ಕೇಳುವಾಗ ದನಿಯಲ್ಲಿ ಸ್ವಲ್ಪ ಅಂಜಿಕೆ ಇರುತ್ತದೆ. ಪಕ್ಕದಲ್ಲಿದ್ದ ಗೆಳೆಯರು ಅಷ್ಟರೊಳಗೆ ‘ಭಾರಿ ಬಂದದ ಬಿಡು’ ಅಂದಿರುತ್ತಾರೆ. ಗೆಳೆಯರು ಪ್ರೀತಿಯಿಂದಲೇ ಅಂದದ್ದು. ಆದರೂ ಹುಡುಗನಿಗೆ ಅದು ಸಾಲದು ಅನ್ನಿಸಿದ್ದಕ್ಕೇ ಇನ್ನೊಬ್ಬರ ಹತ್ತಿರ ಬಂದಿದ್ದಾನೆ. ತನ್ನ ಚಿತ್ರವನ್ನು ಯಾರಾದರೂ ಪೂರ್ತಿ ನೋಡಲಿ ಎಂಬುದು ಅವನ ಆಸೆ. ಪೂರ್ತಿ ನೋಡದೆ ಹೊಗಳುವವರೂ ಪೂರ್ತಿ ನೋಡದೆ ತಪ್ಪು ಎಣಿಸುವವರೂ ಆ ಆಸೆಯನ್ನು ಒಂದೇ ರೀತಿ ಹೊಸಕುತ್ತಾರೆ.

ಹಾಗಾದರೆ ಏನು ಹೇಳಬೇಕು? ನಾನು ಕಂಡುಕೊಂಡ ದಾರಿ ಬಹಳ ಸರಳ. ಚೆನ್ನಾಗಿದೆಯೋ ಇಲ್ಲವೋ ಎನ್ನುವುದನ್ನು ಪಕ್ಕಕ್ಕಿಟ್ಟು, ಚಿತ್ರದಲ್ಲಿ ನನಗೆ ಏನು ಕಾಣಿಸಿತು ಎಂದು ಮೊದಲು ಹೇಳುತ್ತೇನೆ. ಆಳಂದ ತಾಲೂಕಿನ ಭೂಸನೂರ ಕಡೆಯ ಹುಡುಗನೊಬ್ಬ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತು ಹೊರಟ ಬಂಡಿಗಳ ಫೋಟೋ ತಂದಿದ್ದ. ನಸುಕಿನ ಬೆಳಕು, ಸಾಲು ಬಂಡಿ, ಧೂಳು. ನಾನು ನೋಡಿ, ‘ಈ ಮುಂದಿನ ಎತ್ತಿನ ಕಣ್ಣಿನ ಕೆಳಗೆ ನೀರಿನ ಗೆರೆ ಅದ. ನನ್ನ ದೃಷ್ಟಿ ಅಲ್ಲೇ ನಿಂತದ, ಮುಂದ ಹೋಗವಲ್ದು’ ಎಂದೆ. ಅವನು ಬೆರಗಾದ. ‘ನಾ ಬಂಡಿ ಸಾಲ ತೋರಸ್ಬೇಕಂತ ಮಾಡಿದ್ದೆ ಸರ’ ಎಂದ. ಆಮೇಲೆ ನಾವಿಬ್ಬರೂ ಆ ಫೋನಿನ ಮೇಲೆ ಬಗ್ಗಿದೆವು. ಎತ್ತಿನ ತಲೆ ಚೌಕಟ್ಟಿನ ಎಡ ಅಂಚಿಗೆ ತೀರ ಹತ್ತಿರವಿತ್ತು, ಅದರ ಮೇಲೆಯೇ ಬೆಳಕು ಬಿದ್ದಿತ್ತು, ಹಿಂದಿನ ಬಂಡಿಗಳೆಲ್ಲ ಒಂದರ ಹಿಂದೊಂದು ಮುಚ್ಚಿಹೋಗಿದ್ದವು. ಸಾಲು ಕಾಣಬೇಕಾದರೆ ಅವನು ರಸ್ತೆಯ ಅಂಚಿನಿಂದ ಹೊಲದೊಳಕ್ಕೆ ನಾಲ್ಕು ಹೆಜ್ಜೆ ಇಳಿಯಬೇಕಿತ್ತು, ಇಲ್ಲವೇ ಒಡ್ಡಿನ ಮೇಲೆ ಹತ್ತಬೇಕಿತ್ತು. ಎತ್ತೇ ಬೇಕಾದರೆ ಅದರ ಎದುರಿಗೆ ಇನ್ನಷ್ಟು ಜಾಗ ಬಿಡಬೇಕಿತ್ತು, ಅದು ನಡೆಯುವ ದಾರಿ ಕಾಣಬೇಕಿತ್ತು. ಇದರಲ್ಲಿ ಯಾವುದು ಬೇಕು ಎಂದು ತೀರ್ಮಾನಿಸುವವನು ಅವನೇ. ಅವನು ತೋರಿಸಬೇಕೆಂದದ್ದು ಒಂದು, ನನಗೆ ಕಂಡದ್ದು ಇನ್ನೊಂದು. ಆ ಎರಡರ ನಡುವಿನ ಅಂತರವನ್ನು ಬೆರಳಿಟ್ಟು ತೋರಿಸಿದರೆ ಅಭಿಪ್ರಾಯ ಹೇಳುವವನ ಕೆಲಸದಲ್ಲಿ ಮುಕ್ಕಾಲು ಪಾಲು ಮುಗಿದಂತೆ.

ಅಂತರ ತೋರಿಸಲು ನಿಯಮಗಳ ಪಟ್ಟಿ ಬೇಕೇ? ಫೋಟೋಗ್ರಫಿ ಕಲಿಸುವವರೆಲ್ಲ ಮೊದಲು ಹೇಳುವುದು ಮೂರರ ನಿಯಮ. ಚೌಕಟ್ಟನ್ನು ಉದ್ದಕ್ಕೂ ಅಡ್ಡಕ್ಕೂ ಮೂರು ಪಾಲು ಮಾಡಿ, ಮುಖ್ಯ ವಸ್ತುವನ್ನು ಗೆರೆಗಳು ಕೂಡುವಲ್ಲಿ ಇಡಿ, ನಟ್ಟನಡುವೆ ಮಾತ್ರ ಇಡಬೇಡಿ ಎನ್ನುತ್ತಾರೆ. ಫೋನಿನ ಕ್ಯಾಮೆರಾದಲ್ಲೂ ಆ ಗೆರೆಗಳನ್ನು ಹಾಕಿಕೊಳ್ಳಬಹುದು. ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರ ಹಳ್ಳಿಗಾಡಿನ ದೃಶ್ಯಗಳ ಬಗ್ಗೆ 1797ರಲ್ಲಿ ಪುಸ್ತಕ ಬರೆದಾಗ ಈ ಮಾತಿಗೆ ನಿಯಮವೆಂಬ ಹೆಸರು ಕೊಟ್ಟ. ಬಾನಿಗೆ ಎಷ್ಟು ಪಾಲು, ನೆಲಕ್ಕೆ ಎಷ್ಟು ಪಾಲು, ಬೆಳಕಿಗೆ ಎಷ್ಟು, ನೆರಳಿಗೆ ಎಷ್ಟು ಎನ್ನುವುದು ಅವನ ಚಿಂತೆಯಾಗಿತ್ತು. ಕ್ಯಾಮೆರಾ ಆಗಿನ್ನೂ ಹುಟ್ಟಿರಲಿಲ್ಲ.

ನಮ್ಮ ಅಡ್ಡಗೆರೆಯ ನಾಡಿಗೆ ಆ ಮಾತು ಉಪಯೋಗಕ್ಕೆ ಬರುತ್ತದೆ, ಆದರೆ ಕಾರಣ ಹೇಳಿ ಕೊಟ್ಟಾಗ ಮಾತ್ರ. ಶ್ರಾವಣದಲ್ಲಿ ಜೇವರ್ಗಿಯ ಬಯಲಿನ ಮೇಲೆ ಮೋಡ ಕಟ್ಟಿದಾಗ ಬಾನಿಗೆ ಎರಡು ಪಾಲು ಕೊಡಲಿ, ಅಲ್ಲಿ ನೋಡಲು ಬೇಕಾದಷ್ಟಿದೆ. ಚೈತ್ರದ ಬಾನಿನಲ್ಲಿ ಏನೂ ಇರುವುದಿಲ್ಲ. ಆಗ ಗೆರೆಯನ್ನು ಮೇಲಕ್ಕೆ ದೂಡಿ, ಬಿರುಕು ಬಿಟ್ಟ ಎರೆ ಹೊಲಕ್ಕೆ ಜಾಗ ಬಿಡಬೇಕು. ಹುಡುಗನಿಗೆ ‘ಹೊರೈಜನ್ ನಡುವೆ ಬಂದಿದೆ, ತಪ್ಪು’ ಎಂದರೆ ಮುಂದಿನ ಫೋಟೋದಲ್ಲಿ ಅದನ್ನು ಕುರುಡಾಗಿ ಮೇಲೆ ಕೆಳಗೆ ಮಾಡುತ್ತಾನೆ. ‘ಈ ಅರ್ಧ ಬಾನಿನಾಗ ನನಗ ನೋಡ್ಲಿಕ್ಕೆ ಏನಿಟ್ಟೀದಿ?’ ಎಂದು ಕೇಳಿದರೆ ಉತ್ತರ ಹುಡುಕುತ್ತಾ ತಾನೇ ಗೆರೆಯನ್ನು ಸರಿಸುತ್ತಾನೆ.

ನಟ್ಟನಡುವೆ ಇಡಬೇಡಿ ಎನ್ನುವ ಮಾತಿನ ಬಗ್ಗೆ ನನಗೆ ಒಂದು ತಕರಾರಿದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಕಡೆಯ ಮಕ್ಕಳ ಕಣ್ಣು ಪಳಗಿದ್ದು ಎಲ್ಲಿ? ಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ. ಅಲ್ಲಿ ದೇವರು ನಡುವೆ ನಿಂತಿರುತ್ತಾನೆ, ನೇರ ನಮ್ಮನ್ನು ನೋಡುತ್ತಿರುತ್ತಾನೆ. ಅಂಥ ಚಿತ್ರಗಳನ್ನು ಬರೆದು ದೇಶಕ್ಕೆಲ್ಲ ಹೆಸರಾದ ಎಸ್.ಎಂ. ಪಂಡಿತರು ಕಲಬುರಗಿಯವರೇ. 1916ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಸಿನಿಮಾ ಪೋಸ್ಟರುಗಳನ್ನೂ ಪುರಾಣದ ಚಿತ್ರಗಳನ್ನೂ ಬರೆದು, 1993ರಲ್ಲಿ ತೀರಿಕೊಂಡವರು. ಅವರ ಚಿತ್ರಗಳಲ್ಲಿ ಬೆಳಕು ಎಲ್ಲಿಂದ ಬಂದು ಎಲ್ಲಿ ಸೋಕುತ್ತದೆ, ಸೀರೆಯ ಮಡಿಕೆ ಹೇಗೆ ಕಣ್ಣನ್ನು ಮುಖದತ್ತ ಒಯ್ಯುತ್ತದೆ ಎಂದು ನೋಡುತ್ತ ಕೂತರೆ ಸಂಯೋಜನೆಯ ಒಂದು ಪಾಠವೇ ಆಗುತ್ತದೆ. ನಡುವೆ ಇಟ್ಟ ವ್ಯಕ್ತಿ ಅಲ್ಲಿ ಎಂದೂ ನಿರ್ಜೀವವಾಗುವುದಿಲ್ಲ.

ಇನ್ನೊಂದು ಪಾಠಶಾಲೆ ಸ್ಟುಡಿಯೋ. ಕಲಬುರಗಿ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದ ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನದಯಾಳ್. ಗಾಜಿನ ಪ್ಲೇಟುಗಳ ಮೇಲೆ ಅವರು ತೆಗೆದ ಅರಮನೆ, ದರಬಾರು, ಸರದಾರರ ಚಿತ್ರಗಳು ಇಂದಿಗೂ ಉಳಿದಿವೆ. ಪರದೆಯ ಹೆಂಗಸರಿಗಾಗಿಯೇ ಹೈದರಾಬಾದಿನಲ್ಲಿ 1892ರಲ್ಲಿ ಬೇರೆ ಸ್ಟುಡಿಯೋ ತೆರೆದು, ಅಲ್ಲಿ ಫೋಟೋ ತೆಗೆಯಲು ಹೆಂಗಸೊಬ್ಬರನ್ನೇ ನೇಮಿಸಿದ್ದರು. ಆ ಕಾಲದ ನಿಲುವು ಗೊತ್ತಲ್ಲ: ಎದೆ ನೇರ, ಕೈ ಮೊಣಕಾಲಿನ ಮೇಲೆ, ನೋಟ ಕ್ಯಾಮೆರಾದತ್ತ, ಉಸಿರು ಬಿಗಿ. ಅದೇ ನಿಲುವು ಕಾಲಕ್ರಮದಲ್ಲಿ ತಾಲೂಕಿನ ಸ್ಟುಡಿಯೋಗಳಿಗೂ ಬಂತು, ಬಣ್ಣದ ಪರದೆಯ ಮುಂದೆ ಮದುವೆಯಾದ ಜೋಡಿಯನ್ನು ಕೂರಿಸಿತು. ಇಂದಿಗೂ ಹಳ್ಳಿಯ ಮುತ್ಯಾನ ಮುಂದೆ ಫೋನು ಹಿಡಿದರೆ ಆತ ಮೊದಲು ಪಟಕಾ ಸರಿಮಾಡಿಕೊಳ್ಳುತ್ತಾನೆ, ಆಮೇಲೆ ನೆಟ್ಟಗೆ ನಿಲ್ಲುತ್ತಾನೆ. ‘ಸಹಜವಾಗಿ ಇರ್ರಿ’ ಎಂದು ಅವನಿಗೆ ಹೇಳುವುದು ನನಗೆ ಒಪ್ಪಿಗೆಯಿಲ್ಲ. ತನ್ನನ್ನು ಲೋಕ ಹೀಗೆ ನೋಡಲಿ ಎಂದು ಅವನೇ ಆರಿಸಿಕೊಂಡ ನಿಲುವು ಅದು. ಅವನ ಮೊಮ್ಮಗ ತೆಗೆದ ಆ ನೆಟ್ಟನೆಯ, ನಟ್ಟನಡುವಿನ ಚಿತ್ರವನ್ನು ಹಳೇ ಮಾದರಿ ಎಂದು ತಳ್ಳಿಹಾಕುವವರು ಆ ಮನೆತನದ ಅಭಿರುಚಿಯನ್ನೇ ತಳ್ಳಿಹಾಕುತ್ತಾರೆ. ಅಲ್ಲಿ ಹೇಳಬೇಕಾದ ಮಾತು ಬೇರೆ. ತಲೆಯ ಹಿಂದಿನ ಬಾಗಿಲ ಚೌಕಟ್ಟು ಓರೆಯಾಗಿದೆ, ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ ಮುತ್ಯಾ ಸರಿಯಾಗಿ ಬಾಗಿಲ ನಡುವೆ ಬರುತ್ತಿದ್ದ. ಪಾದ ಕತ್ತರಿಸಿಹೋಗಿದೆ, ಕೈಯ ಕೋಲಿನ ತುದಿಯೂ ಹೋಗಿದೆ. ನಡುವೆ ಇಡುವುದಾದರೆ ಪೂರ್ತಿ ನಿಷ್ಠೆಯಿಂದ ನಡುವೆ ಇಡಲಿ.

ಬೆಳಕಿನ ವಿಚಾರಕ್ಕೆ ಬರುತ್ತೇನೆ. ಮೇ ತಿಂಗಳ ಎರಡನೇ ವಾರದ ಹೊತ್ತಿಗೆ ನಮ್ಮಲ್ಲಿ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಇರುತ್ತಾನೆ. ಆಗ ಮನುಷ್ಯನ ಕಣ್ಣುಗುಳಿಯಲ್ಲಿ ಕತ್ತಲೆ, ಮೂಗಿನ ಮೇಲೆ ಬೆಂಕಿ. ಆ ಹೊತ್ತಿನ ಮುಖದ ಫೋಟೋ ತಂದವರಿಗೆ ನಾನು ಬೇವಿನ ನೆರಳು ತೋರಿಸುತ್ತೇನೆ, ಇಲ್ಲವೇ ಮನೆಯ ಹೊಸ್ತಿಲು ತೋರಿಸುತ್ತೇನೆ. ಹೊಸ್ತಿಲಲ್ಲಿ ಕೂತವರ ಮುಖಕ್ಕೆ ಅಂಗಳದ ಪರಸಿ ಕಲ್ಲಿನಿಂದ ಮೇಲಕ್ಕೆ ಚಿಮ್ಮುವ ಬೆಳಕು ಎಷ್ಟು ಮೆತ್ತಗಿರುತ್ತದೆ ಎಂಬುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಎರೆ ಮಣ್ಣಿನ ಸಮಸ್ಯೆ ಇನ್ನೂ ಸ್ವಾರಸ್ಯದ್ದು. ಕ್ಯಾಮೆರಾ ತನ್ನಷ್ಟಕ್ಕೆ ಬೆಳಕು ಅಳೆಯುವಾಗ ಎದುರಿಗಿರುವುದೆಲ್ಲ ಮಧ್ಯಮ ಬೂದು ಬಣ್ಣದ್ದು ಎಂದು ಭಾವಿಸಿಕೊಳ್ಳುತ್ತದೆ. ಕಪ್ಪು ಹೊಲ ಚೌಕಟ್ಟು ತುಂಬಿದರೆ, ಇಲ್ಲಿ ಕತ್ತಲೆಯಿದೆ ಎಂದು ತಿಳಿದು ಬೆಳಕು ಹೆಚ್ಚಿಸುತ್ತದೆ. ಮಳೆಬಿದ್ದ ಎರೆಯ ಆ ಮಿರುಗುವ ಕಪ್ಪು, ಫೋಟೋದಲ್ಲಿ ಬೂದಿಯಾಗುತ್ತದೆ. ಬಾನು ಬಿಳಿಚಿಕೊಳ್ಳುತ್ತದೆ. ಬಿಳಿ ಜೋಳದ ರೊಟ್ಟಿಯ ರಾಶಿ, ಬಿಳಿ ಧೋತರ, ಬಿರಿದ ಹತ್ತಿ ಇವುಗಳಿಗೆ ಇದರ ತದ್ವಿರುದ್ಧ ಗತಿ: ಬೆಳಕು ಇಳಿದು ಮಾಸಲಾಗುತ್ತವೆ. ನಮ್ಮ ಹುಡುಗರ ಚಿತ್ರಗಳಲ್ಲಿ ನೆಲದ ಬಣ್ಣ ಸತ್ತಿರುವುದಕ್ಕೆ ಬಹಳ ಸಲ ಇದೇ ಕಾರಣ. ಪರಿಹಾರ ಹೇಳಲು ಅರ್ಧ ನಿಮಿಷ ಸಾಕು. ಪರದೆಯ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆದರೆ ಎರೆ ಮತ್ತೆ ಕಪ್ಪಾಗುತ್ತದೆ. ರೊಟ್ಟಿಗೆ ಮೇಲಕ್ಕೆ ಎಳೆಯಬೇಕು. ‘ಕಲರ್ ಸರಿ ಇಲ್ಲ’ ಎಂದಷ್ಟೇ ಹೇಳಿ ಫೋನು ಮರಳಿಸುವವರು ಈ ಅರ್ಧ ನಿಮಿಷವನ್ನು ಉಳಿಸಿಕೊಂಡು ಏನು ಮಾಡುತ್ತಾರೋ ನನಗೆ ತಿಳಿಯದು.

ನಡುವೆ ಒಂದು ಮಾತು. ವಾಟ್ಸ್ಆ್ಯಪಿನಲ್ಲಿ ಬಂದ ಫೋಟೋ ನೋಡಿ ‘ಸ್ಪಷ್ಟತೆ ಸಾಲದು’ ಎಂದು ಯಾರೂ ತೀರ್ಪು ಕೊಡಬಾರದು. ಅದು ಚಿತ್ರವನ್ನು ಕುಗ್ಗಿಸಿಯೇ ಕಳಿಸುತ್ತದೆ. ಮೂಲ ಚಿತ್ರವನ್ನು ತೆಗೆದವನ ಫೋನಿನಲ್ಲೇ ನೋಡಬೇಕು, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಬೇಕು.

ಇಷ್ಟೆಲ್ಲ ಕೈಗೆ ಸಿಗುವ ಸಂಗತಿಗಳು. ವಸ್ತುವಿನ ವಿಚಾರ ಬಂದಾಗ ಮಾತು ಕಠಿಣವಾಗುತ್ತದೆ, ಜವಾಬ್ದಾರಿಯೂ ಹೆಚ್ಚುತ್ತದೆ. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರಕ್ಕೆ ಕ್ಯಾಮೆರಾ ಹಿಡಿದು ಹೋಗದವರಿಲ್ಲ. ಭೀಮಾ ಅಮರ್ಜಾ ಸಂಗಮ, ಔದುಂಬರ ವೃಕ್ಷ, ದತ್ತನ ಪಾದುಕೆಗಳ ಗುಡಿ, ಮಹಾರಾಷ್ಟ್ರದಿಂದ ಬರುವ ಭಕ್ತರ ಸಾಲು. ಮಧ್ಯಾಹ್ನ ಜೋಳಿಗೆ ಹಿಡಿದು ಮಧುಕರಿ ಬೇಡುವ ಶ್ರೀಮಂತರೂ ಬಡವರೂ ಒಂದೇ ಓಣಿಯಲ್ಲಿ ನಿಂತಿರುತ್ತಾರೆ. ಅದಕ್ಕಿಂತ ಒಳ್ಳೆಯ ವಸ್ತು ಎಲ್ಲಿ ಸಿಕ್ಕೀತು? ಆದರೆ ನನ್ನ ಮುಂದೆ ಹೆಚ್ಚಾಗಿ ಬರುವುದು ಬೇರೆ ಚಿತ್ರ. ಮಹಾಮಂಗಳಾರತಿಯ ಹೊತ್ತಿಗೆ ಮೈಮೇಲೆ ಬಂದಂತಾಗಿ ಚೀರುವ, ಕೂದಲು ಕೆದರಿ ಕಂಬ ಹಿಡಿದು ಒದ್ದಾಡುವ ಹೆಂಗಸಿನ ಚಿತ್ರ. ತೆಗೆದ ಹುಡುಗ ಇದು ತನ್ನ ಅತ್ಯುತ್ತಮ ಚಿತ್ರ ಎಂದುಕೊಂಡಿರುತ್ತಾನೆ. ಸಂಯೋಜನೆ ನೋಡಿದರೆ ನಿಜಕ್ಕೂ ಬಲವಾಗಿರುತ್ತದೆ: ಕಂಬದ ನೆಟ್ಟಗೆರೆ, ಅದಕ್ಕೆ ಸುತ್ತಿದ ತೋಳು, ಹಿಂದಿನ ಕತ್ತಲೆ.

ಇಂಥ ಚಿತ್ರದ ಮುಂದೆ ಗೆರೆ, ಬೆಳಕು ಎನ್ನುತ್ತ ಕೂಡುವುದು ನನ್ನಿಂದ ಆಗುವುದಿಲ್ಲ. ಆಕೆ ಯಾರದೋ ಮಗಳು, ಯಾರದೋ ತಾಯಿ. ಮನಸ್ಸಿನ ನೋವಿಗೆ ಔಷಧಿ ಕಾಣದೆ ಇಲ್ಲಿಯವರೆಗೆ ಬಂದಿದ್ದಾಳೆ. ಆ ಗಳಿಗೆಯಲ್ಲಿ ಒಪ್ಪಿಗೆ ಕೊಡುವ ಸ್ಥಿತಿ ಆಕೆಗಿಲ್ಲ. ನಾನು ಹುಡುಗನನ್ನು ಬಯ್ಯುವುದಿಲ್ಲ, ‘ಆಕಿ ನಾಳೆ ಈ ಫೋಟೋ ನೋಡಿದರ ಏನಂದಾಳು?’ ಎಂದು ಕೇಳುತ್ತೇನೆ. ಹೆಚ್ಚಿನವರು ಸುಮ್ಮನಾಗುತ್ತಾರೆ. ಒಬ್ಬ ಮಾತ್ರ ವಾದಕ್ಕೆ ನಿಂತಿದ್ದ: ಮೂಢನಂಬಿಕೆ ಜನಕ್ಕೆ ತೋರಿಸಬೇಡವೇ ಸರ ಎಂದು. ತೋರಿಸಬೇಕು, ಆ ವಾದದಲ್ಲಿ ಹುರುಳಿದೆ. ಮುಖ ಗುರುತಾಗದಂತೆ ಕಂಬ ಹಿಡಿದ ಕೈಯಷ್ಟನ್ನೇ ತೋರಿಸಬಹುದಿತ್ತು, ಅಥವಾ ಪಕ್ಕದಲ್ಲಿ ಆಕೆಯ ಚೀಲ ಹಿಡಿದು ನಿಂತ ಅಣ್ಣನನ್ನು ಕೇಳಿ ಅವನ ಮುಖ ತೆಗೆಯಬಹುದಿತ್ತು ಎಂದೆ. ಆ ದಿನ ಅವನು ಒಪ್ಪಲಿಲ್ಲ. ನನ್ನ ಅಭಿಪ್ರಾಯವನ್ನೂ ನಾನು ಬದಲಿಸಿಲ್ಲ.

2020ರ ಅಕ್ಟೋಬರದಲ್ಲಿ ಭೀಮಾ ಉಕ್ಕಿದಾಗಲೂ ಹೀಗೇ ಆಯಿತು. ಮೇಲಿನ ಉಜ್ಜನಿ ಮೊದಲಾದ ಜಲಾಶಯಗಳಿಂದ ಬಿಟ್ಟ ನೀರು, ಮೇಲಿಂದ ಸುರಿದ ಮಳೆ ಎರಡೂ ಕೂಡಿ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಹಳ್ಳಿಗಳಿಗೆ ನುಗ್ಗಿದವು. ಸೊನ್ನ ಬ್ಯಾರೇಜಿನ ಗೇಟುಗಳಿಂದ ಧುಮ್ಮಿಕ್ಕುವ ನೀರಿನ ಫೋಟೋ ಎಲ್ಲರ ಫೋನಿನಲ್ಲೂ ಇತ್ತು. ನನಗೆ ಒಬ್ಬ ಹುಡುಗಿ ತೋರಿಸಿದ್ದು ನೀರು ಇಳಿದ ಮೇಲಿನ ಒಂದು ಗೋಡೆ. ಎದೆಮಟ್ಟದಲ್ಲಿ ಕೆಸರಿನ ಗೆರೆ, ಗೆರೆಯ ಮೇಲೆ ಮೊಳೆಗೆ ತೂಗಿದ ಶಾಲೆಯ ಚೀಲ. ಆಕೆ ಅದನ್ನು ‘ಸುಮ್ನ ಹೊಡದೀನ್ರಿ ಸರ, ಚಂದಿಲ್ಲ’ ಎಂದು ಬೇಗ ಸರಿಸಲು ಹೋದಳು. ನಾನು ತಡೆದೆ. ಈ ಗೋಡೆ ನೋಡಿದವರಿಗೆ ನೀರು ಎಷ್ಟು ಎತ್ತರ ಬಂದಿತ್ತು, ಈ ಮನೆಯವರು ಮೊದಲು ಏನನ್ನು ಮೇಲೆತ್ತಿ ಕಾಪಾಡಿದರು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ ಎಂದೆ. ಬಲಗಡೆ ಅರ್ಧ ಕಂಡ ಕಿಟಕಿಯನ್ನು ಹೆಬ್ಬೆರಳಿಂದ ಮುಚ್ಚಿ ತೋರಿಸಿದೆ. ಚೀಲ, ಗೆರೆ ಎರಡೇ ಉಳಿದವು. ಅಲ್ಲಿಯೇ ಕ್ರಾಪ್ ಮಾಡಿದಳು. ಹೊಸಬರಿಗೆ ತಮ್ಮ ಒಳ್ಳೆಯ ಚಿತ್ರ ಯಾವುದೆಂದು ಬಹಳ ಸಲ ಗೊತ್ತಿರುವುದಿಲ್ಲ. ಬೆರಳು ಸರಿಸುತ್ತ ದಾಟಿಸಿಬಿಡುವ ಚಿತ್ರಗಳ ಮೇಲೆ ಅಭಿಪ್ರಾಯ ಹೇಳುವವನ ಕಣ್ಣು ಇರಬೇಕು.

ಮೈಸೂರಿನ ಟಿ.ಎಸ್. ಸತ್ಯನ್ ಅವರ ಹೆಸರನ್ನು ಇಲ್ಲಿ ನೆನೆಯಬೇಕು. ದೇಶದ ದೊಡ್ಡ ಪತ್ರಿಕಾ ಛಾಯಾಗ್ರಾಹಕರಲ್ಲಿ ಒಬ್ಬರು, 2009ರಲ್ಲಿ ನಮ್ಮನ್ನು ಅಗಲಿದರು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವುಗಳಲ್ಲಿ ಇರುವುದು ಸಾಮಾನ್ಯ ಮಕ್ಕಳು, ಅವರ ಆಟ, ಪಾಠ, ಕೆಲಸ. ವಸ್ತು ಹುಡುಕಿಕೊಂಡು ಜೋಗಕ್ಕೋ ಹಂಪಿಗೋ ಹೋಗಬೇಕು ಎಂದು ಹಂಬಲಿಸುವ ಹುಡುಗರಿಗೆ ನಾನು ಆ ಚಿತ್ರಗಳನ್ನು ತೋರಿಸುತ್ತೇನೆ. ಹೋಗಲಿ, ಹೋಗಬಾರದೆಂದಿಲ್ಲ. ಆದರೆ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು; ಬೇಳೆಯ ಚೀಲಗಳ ಫೋಟೋ ಎಲ್ಲ ಪತ್ರಿಕೆಗಳಲ್ಲೂ ಬಂತು. ಹಳದಿಯಲ್ಲಿ ಕೆಂಪು ಗೆರೆ ಬೆರೆತ ತೊಗರಿ ಹೂವಿನ ನಡುವೆ ಎದೆಮಟ್ಟ ಮುಳುಗಿ ನಡೆಯುವ ಹೆಣ್ಣಾಳಿನ ಒಂದು ನೆನಪಿನಲ್ಲುಳಿಯುವ ಚಿತ್ರ ನನಗೆ ಇನ್ನೂ ಕಾಣಿಸಿಲ್ಲ. ಅದನ್ನು ತೆಗೆಯಬಲ್ಲವರು ಆ ಹೊಲಕ್ಕೆ ದಿನಾ ಬುತ್ತಿ ಒಯ್ಯುವ ಮಕ್ಕಳೇ.

ಹೇಳುವ ರೀತಿಯ ಬಗ್ಗೆಯೂ ಎರಡು ಮಾತು. ಗುಂಪಿನ ನಡುವೆ ಒಬ್ಬನ ಚಿತ್ರದ ದೋಷ ಎತ್ತಬಾರದು, ಗುಂಪಿನಲ್ಲಿ ಎತ್ತಿದ ದೋಷ ಅಡ್ಡಹೆಸರಾಗಿ ಉಳಿಯುತ್ತದೆ. ಒಂದು ಸಲಕ್ಕೆ ಒಂದೇ ದೋಷ ಸಾಕು. ಓರೆಯಾದ ಗೆರೆ, ಕತ್ತರಿಸಿದ ಪಾದ, ತಲೆಯ ಮೇಲೆ ಬೆಳೆದಂತೆ ಕಾಣುವ ಕಂಬ, ಬಿಳಿಚಿದ ಬಾನು ನಾಲ್ಕನ್ನೂ ಒಟ್ಟಿಗೆ ಹೇಳಿದರೆ, ಬೀಜದ ಮೇಲೆ ಬಿಂದಿಗೆಯಲ್ಲಿ ನೀರು ಸುರಿದಂತೆ, ಮೊಳೆಯಬೇಕಾದದ್ದು ಕೊಚ್ಚಿಹೋಗುತ್ತದೆ. ಹೇಳಿದ್ದು ಮುಂದಿನ ಸಲ ಮಾಡಬಹುದಾದ ಕೆಲಸವಾಗಿರಬೇಕು: ಬಗ್ಗು, ಹತ್ತು, ಎಡಕ್ಕೆ ಸರಿ, ಸಂಜೆತನಕ ತಡಿ, ಅವರನ್ನು ಕೇಳು.

ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸ್ಸೋಂ, ಚಿತ್ರಕಲೆ ಕಲಿತು ಕ್ಯಾಮೆರಾ ಹಿಡಿದವರು, ಫೋಟೋಗಳನ್ನು ತಲೆಕೆಳಗು ಮಾಡಿ ನೋಡುತ್ತಿದ್ದರು. ತಲೆಕೆಳಗಾದಾಗ ಅದು ಮುತ್ಯಾ, ಇದು ಎತ್ತು ಎಂಬ ಅರಿವು ಹಿಂದೆ ಸರಿದು ಕಪ್ಪು ಬಿಳುಪಿನ ತೂಕ ಮಾತ್ರ ಕಾಣುತ್ತದೆ. ಫೋನಿನ ತಿರುಗುವಿಕೆಯನ್ನು ಲಾಕ್ ಮಾಡಿದರೆ ನಮ್ಮ ಹುಡುಗರೂ ಇದನ್ನು ಮಾಡಬಹುದು. ಮಾಡಿದವರು ತಮ್ಮ ಚಿತ್ರದ ಯಾವ ಮೂಲೆ ಬರಿದಾಗಿದೆ, ಯಾವ ಮೂಲೆ ಜಗ್ಗುತ್ತಿದೆ ಎಂದು ತಾವೇ ಹೇಳಿದ್ದನ್ನು ನಾನು ಕೇಳಿದ್ದೇನೆ. ಆಗ ನಾನು ಬಾಯಿ ತೆರೆಯುವ ಅಗತ್ಯವೇ ಇರುವುದಿಲ್ಲ. ಅಂಥ ದಿನ ನನಗೆ ಬಹಳ ಸಂತೋಷದ ದಿನ.

ಕೊನೆಗೆ, ಮೂರೂ ತಾಲೂಕುಗಳ ಶಾಲೆ ಕಾಲೇಜುಗಳಲ್ಲಿ ಕೆಲಸ ಮಾಡುವ ನನ್ನ ಜೊತೆಯವರಲ್ಲಿ ಒಂದು ವಿನಂತಿ. ಎಳ್ಳ ಅಮವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಚರಗ ಚೆಲ್ಲುವುದು, ಭಜ್ಜಿ ಸಜ್ಜಿರೊಟ್ಟಿಯ ಪಂಕ್ತಿ, ಕಡಲೆ ಹೊಲದಲ್ಲಿ ಉರುಳುವ ಮಕ್ಕಳು, ಚಳಿಗಾಲದ ಓರೆ ಬಿಸಿಲು, ಎಲ್ಲದರ ಫೋಟೋ ಆ ಸಂಜೆಯೊಳಗೆ ಫೋನು ತುಂಬಿರುತ್ತವೆ, ಒಂದು ವಾರದೊಳಗೆ ಮರೆತೂ ಹೋಗಿರುತ್ತವೆ. ಈ ಸಲ ಪ್ರತಿಯೊಬ್ಬರಿಂದ ಒಂದೇ ಫೋಟೋ ಕೇಳಿ ತೆಗೆದುಕೊಳ್ಳಿ. ಯಾವುದನ್ನು ಕೊಡಬೇಕೆಂದು ಅವರೇ ಆರಿಸಲಿ, ಆರಿಸುವುದರಲ್ಲೇ ಅರ್ಧ ಕಲಿಕೆ ಇದೆ. ಊರಿನ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ವರಾಂಡದ ಗೋಡೆಗೆ ಅಂಟಿಸಿ. ಬಹುಮಾನ ಇಡಬೇಡಿ, ಅಂಕ ಕೊಡಬೇಡಿ. ಪ್ರತಿ ಚಿತ್ರದ ಕೆಳಗೆ ಒಂದು ಖಾಲಿ ಹಾಳೆ, ಒಂದು ಪೆನ್ಸಿಲ್ ತೂಗುಬಿಟ್ಟು, ‘ಇದರಲ್ಲಿ ನಿಮಗೆ ಏನು ಕಾಣಿಸಿತು?’ ಎಂಬ ಒಂದೇ ಪ್ರಶ್ನೆ ಬರೆದಿಡಿ. ಮಕ್ಕಳು ಬರೆಯಲಿ, ಜವಾನರು ಬರೆಯಲಿ, ಮಗನನ್ನು ಕರೆಯಲು ಬಂದ ಅವ್ವಂದಿರು ಬರೆಯಲಿ, ಓದು ಬರದವರು ಹೇಳಿ ಬರೆಸಲಿ. ವಾರದ ಮೇಲೆ ಆ ಹಾಳೆಯನ್ನು ಬಿಚ್ಚಿ ಫೋಟೋ ತೆಗೆದವರ ಕೈಗೆ ಕೊಡಿ.